ಗದ್ದುಗೆ ಏರಿದ ಕಾಲು ಸಾರು

ಮಿಡಿಗೇಶಿಯ ಹಾಲಿನ ಡೈರಿ ಕಾರ್ಯದರ್ಶಿ ಚಿಕ್ಕರಾಜುವನ್ನು ಊರಿನವರು ಜಿಪುಣ ಎನ್ನುತ್ತಿದ್ದರು. ಇದು ಶುದ್ಧ ಅನ್ಯಾಯ. ಜಿಪುಣನಾದವನು ತನ್ನ ದುಡ್ಡನ್ನು ಮಾತ್ರ ಉಳಿಸುತ್ತಾನೆ. ಚಿಕ್ಕರಾಜು ಲೋಕದವರ ದುಡ್ಡನ್ನೆಲ್ಲ ಉಳಿಸಲು ಹುಟ್ಟಿದವನು. ಬೆಳಿಗ್ಗೆ ಹಾಲು ಹಾಕಲು ಬಂದವರು ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿರುವಾಗ, ಇವರು ಎಲ್ಲಿಗೂ ತಪ್ಪಿಸಿಕೊಂಡು ಹೋಗಲಾರರೆಂಬ ಭರವಸೆಯಿಂದ ಒಬ್ಬೊಬ್ಬರಿಗೂ ಒಂದೊಂದು ಉಪದೇಶ ಕೊಡುತ್ತಿದ್ದ. ಪೇಸ್ಟು ಮುಗಿದ ಮೇಲೆ ಟ್ಯೂಬನ್ನು ಕತ್ತರಿಸಿ ನೋಡಿ, ಇನ್ನೊಂದು ವಾರ ಹಲ್ಲುಜ್ಜಬಹುದು. ಸೋಪಿನ ಚೂರುಗಳನ್ನು ಹಳೇ ಕಾಲುಚೀಲಕ್ಕೆ ತುಂಬಿ ಮೈ ಉಜ್ಜಿಕೊಳ್ಳಿ. ಬೆಂಕಿಕಡ್ಡಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಒಂದು ಪೊಟ್ಟಣ ಎರಡಾಗುತ್ತದೆ. ಕುದಿಸಿದ ಟೀ ಪುಡಿಯನ್ನು ಬಿಸಿಲಿಗೆ ಒಣಗಿಸಿಟ್ಟರೆ ಮಾರನೆಯ ದಿನ ಬರುವ ನೆಂಟರಿಗೆ ಆಗುತ್ತದೆ.

"ಹನಿ ಹನಿ ಕೂಡಿದ್ರೆ ಹಳ್ಳ ಕಣ್ರಪ್ಪಾ" ಎಂದು ಅವನು ಮುಗಿಸಿದರೆ, ಸಾಲಿನಲ್ಲಿ ಯಾರಾದರೂ ಒಬ್ಬರು, "ಅಂಗಾರೆ ನಮ್ಮ ಕ್ಯಾನಲ್ಲಿರೋ ಕೊನೇ ಹನೀನೂ ಅಳ್ದು ಬರ್ಕ" ಎನ್ನುತ್ತಿದ್ದರು.

ಈ ಉಳಿತಾಯದಿಂದ ನೊಂದವರಲ್ಲಿ ಮೊದಲನೆಯವಳು ಹೆಂಡತಿ ಮಹಾಲಕ್ಷ್ಮಮ್ಮ. ಎರಡನೆಯವನು ಅವಳ ತಮ್ಮ ದಾಸಣ್ಣ. ಪಾವಗಡದ ಕಡೆಯ ವಳ್ಳೂರಿನ ಈ ದಾಸಣ್ಣ ಸೋಲಾರ್ ತಟ್ಟೆಗಳ ಸಾಲಿನ ನಡುವೆ ಕುರಿ ಮೇಯಿಸಿಕೊಂಡು, ಕುಲದೇವರ ಪೂಜೆಯನ್ನೂ ಮಾಡಿಕೊಂಡು ಗೌರವವಾಗಿ ಬದುಕಿದ್ದವನು. ಮೂರು ವರ್ಷದ ಹಿಂದೆ ಅಕ್ಕನ ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಿದ್ದಾಗ ಚಿಕ್ಕರಾಜು ಎದ್ದು ಹೋಗಿ ಲೈಟ್ ಆರಿಸಿಬಿಟ್ಟ. "ಕೈಗೆ ಬಾಯಿ ದಾರಿ ಗೊತ್ತಿಲ್ವೇನು ದಾಸಣ್ಣ? ಉಣ್ಣಾಕೆ ಲೈಟ್ ಯಾಕೆ?" ಎಂದ. ಆ ಕತ್ತಲಲ್ಲಿ ದಾಸಣ್ಣ ಇಡೀ ಒಂದು ನಿಂಬೆ ಉಪ್ಪಿನಕಾಯಿಯನ್ನು ಮಾಂಸದ ತುಂಡೆಂದು ಬಾಯಿಗೆ ಹಾಕಿಕೊಂಡ. "ಈ ಮನೇಲಿ ಇನ್ನು ಅನ್ನ ಮುಟ್ಟಿದ್ರೆ ಕೇಳು" ಎಂದು ಎದ್ದು ಹೋದವನು ಮತ್ತೆ ಇತ್ತ ತಲೆ ಹಾಕಿರಲಿಲ್ಲ.

ಕಳೆದ ತಿಂಗಳು ಮಹಾಲಕ್ಷ್ಮಮ್ಮ ತವರಿಗೆ ಹೋಗಿ, ಅತ್ತು, ಆಣೆ ಹಾಕಿ, ಬುಧವಾರ ಮಧ್ಯಾಹ್ನದ ಊಟಕ್ಕೆ ಬರುವಂತೆ ತಮ್ಮನನ್ನು ಒಪ್ಪಿಸಿ ಬಂದಳು. ಮಂಗಳವಾರ ಸಂಜೆ ಒಂದು ಬ್ಯಾಗಿಗೆ ತನ್ನ ಸೀರೆಗಳನ್ನು ತುಂಬಿ ಬಾಗಿಲ ಹಿಂದೆ ಇಟ್ಟಳು.

"ಇದ್ಯಾಕೆ?" ಎಂದ ಚಿಕ್ಕರಾಜು.

"ನನ್ ತಮ್ಮ ನಾಳೆ ಈ ಮನೇಲಿ ಹೊಟ್ಟೆತುಂಬ ಉಂಡ್ರೆ ಸರಿ. ಈ ಸಲಾನೂ ಉಣ್ದೆ ಎದ್ದ ಅಂದ್ರೆ ಅವನು ಹತ್ತೋ ಬಸ್ಸಿಗೆ ನಾನೂ ಹತ್ತೀನಿ. ಆಮ್ಯಾಕೆ ನೀವೊಬ್ರೇ ಕತ್ಲಲ್ಲಿ ಕೂತ್ಕೊಂಡು ಉಣ್ಣಿ."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಮಹಾಲಕ್ಷ್ಮಮ್ಮ ಆಡಿದ ಮಾತನ್ನು ತಪ್ಪಿದವಳಲ್ಲ. ಅವಳು ಹೋದರೆ ಮನೆ ಬಿಕೋ ಎನ್ನುತ್ತದೆ ಎಂದು ಚಿಕ್ಕರಾಜುವಿಗೆ ಸಂಕಟವಾಯಿತು. ಮೂರು ಹೊತ್ತೂ ಹೋಟೆಲಿನಲ್ಲಿ ಉಣ್ಣಬೇಕಾಗುತ್ತದೆ ಎಂದು ಅದಕ್ಕಿಂತ ಸ್ವಲ್ಪ ಹೆಚ್ಚು ಸಂಕಟವಾಯಿತು.

ದಾಸಣ್ಣನಿಗೆ ಕಾಲು ಸಾರೆಂದರೆ ಪ್ರಾಣ. ಬುಧವಾರ ಬೆಳಿಗ್ಗೆ ಚಿಕ್ಕರಾಜು ಮಟನ್ ಅಂಗಡಿಯ ನಸ್ರುಲ್ಲಾನ ಹತ್ತಿರ ಹೋಗಿ, ಸುಟ್ಟು ಹೆರೆದ ಕುರಿ ಕಾಲು ತಂದ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಆದರೆ ಅವರ ಕುಕ್ಕರಿನ ರಬ್ಬರು ಹೋಗಿ ಎರಡು ವರ್ಷವಾಗಿತ್ತು. ಹೊಸದು ತರುವುದು ದುಂದು ಎಂದು ಚಿಕ್ಕರಾಜು ತರಿಸಿರಲಿಲ್ಲ.

"ಪಾತ್ರೇಲಿ ಕಾಲು ಬೇಯಬೇಕಂದ್ರೆ ಮಧ್ಯಾಹ್ನದ ಗಂಟ ಗ್ಯಾಸ್ ಉರೀಬೇಕು" ಎಂದಳು ಮಹಾಲಕ್ಷ್ಮಮ್ಮ, ಮಸಾಲೆ ರುಬ್ಬುತ್ತ.

ಚಿಕ್ಕರಾಜು ಸಿಲಿಂಡರಿನ ಕಡೆ ನೋಡಿದ. ಆದರೆ ಅವನಂಥ ಸಾಧಕರಿಗೆ ಇಂಥ ಹೊತ್ತಿನಲ್ಲೇ ದಾರಿ ಕಾಣುವುದು. ಮೊಬೈಲಿನ ವಿಡಿಯೋದಲ್ಲಿ ಯಾವಳೋ ಒಬ್ಬಳು ಹೇಳಿದ್ದು ನೆನಪಾಯಿತು: ಪಾತ್ರೆಯನ್ನು ಒಂದಿಷ್ಟು ಹೊತ್ತು ಕುದಿಸಿ, ಬಿಸಿ ಹೊರಗೆ ಹೋಗದಂತೆ ದಪ್ಪ ಹೊದಿಕೆಯಲ್ಲಿ ಸುತ್ತಿಟ್ಟುಬಿಡಿ, ತನ್ನಷ್ಟಕ್ಕೆ ತಾನೇ ಬೇಯುತ್ತದೆ, ಗ್ಯಾಸ್ ಉಳಿಯುತ್ತದೆ. ಹಾಗೇ ಮಾಡುತ್ತೇನೆಂದು ಹೆಂಡತಿಗೆ ಹೇಳಿದ.

"ಬೇಯ್ದೆ ಹೋದ್ರೆ ಬ್ಯಾಗ್ ಎಲ್ಲೈತೆ ಅಂತ ಗೊತ್ತಲ್ಲ?" ಎಂದು ಹೇಳಿ ಮಹಾಲಕ್ಷ್ಮಮ್ಮ ಬಸ್ ಸ್ಟ್ಯಾಂಡಿಗೆ ಹೊರಟಳು. ತಮ್ಮನನ್ನು ಅಲ್ಲೇ ಹಿಡಿದು ಕರೆತರದಿದ್ದರೆ ಮನಸ್ಸು ಬದಲಾಯಿಸಿ ಬಂದ ಬಸ್ಸಿಗೇ ವಾಪಸು ಹತ್ತಿಬಿಡುತ್ತಾನೆಂಬ ಭಯ ಅವಳಿಗೆ.

ಚಿಕ್ಕರಾಜು ಕೆಲಸಕ್ಕೆ ಇಳಿದ. ಸಾರು ಚೆನ್ನಾಗಿ ಕುದಿ ಬಂದ ಮೇಲೆ ತಾತನ ಕಾಲದ ಕರಿ ಕಂಬಳಿಯನ್ನು ಮಡಿಸಿ ನಡುಮನೆಯ ಮೂಲೆಯಲ್ಲಿ ಹಾಸಿದ. ಅದರ ಮೇಲೆ ಪಾತ್ರೆ ಇಟ್ಟ. ಆವಿ ತಪ್ಪಿಸಿಕೊಳ್ಳದಂತೆ ಮುಚ್ಚಳದ ಸುತ್ತ ರಾಗಿಹಿಟ್ಟು ಮೆತ್ತಿದ. ಮತ್ತೊಂದು ಕಂಬಳಿಯನ್ನು ಪಾತ್ರೆಗೆ ಸುತ್ತಿ, ಬಿಚ್ಚಿಕೊಳ್ಳದಿರಲೆಂದು ಬಿಳಿ ಟವೆಲಿನಿಂದ ಕತ್ತು ಬಿಗಿದ. ಮುಚ್ಚಳಕ್ಕೆ ಭಾರ ಬೇಕಿತ್ತು. ಕೈಗೆ ಸಿಕ್ಕಿದ್ದು ಒಂದು ಸುಲಿದ ತೆಂಗಿನಕಾಯಿ, ಅದನ್ನೇ ಜುಟ್ಟು ಮೇಲೆ ಮಾಡಿ ಕೂರಿಸಿದ. ಕುರಿ ಕಾಲಿಗೆ ಅರಿಶಿನ ಹಚ್ಚಿದ್ದ ಕೈಯನ್ನು ತೊಳೆದರೆ ನೀರು ದಂಡವೆಂದು ಹಾಗೇ ಬಿಟ್ಟಿದ್ದನಾದ್ದರಿಂದ ಕಂಬಳಿಯ ತುಂಬ ಹಳದಿ ಬೆರಳುಗಳು ಮೂಡಿದವು. ಬಾಗಿಲು ಎಳೆದುಕೊಂಡು, ಹಾಲಿನ ಲಾರಿ ಬರುವ ಹೊತ್ತಾಯಿತೆಂದು ಡೈರಿಗೆ ಓಡಿದ.

ಈಗ ಓದುಗರು ಒಂದು ಗಳಿಗೆ ನಿಂತು ಆ ಮೂಲೆಯನ್ನು ನೋಡಬೇಕು. ಚಿಕ್ಕರಾಜುವಿನ ಕುಲದವರಲ್ಲಿ ದೇವರನ್ನು ಮನೆಗೆ ಕರೆಯುವುದೆಂದರೆ ಒಂದು ಕ್ರಮವಿದೆ. ಕರಿ ಕಂಬಳಿ ಹಾಸಿ ಗದ್ದುಗೆ ಮಾಡಬೇಕು. ಮೇಲೆ ಕಳಶ ಇಡಬೇಕು. ಕಳಶಕ್ಕೆ ಕಾಯಿ ಇಡಬೇಕು, ವಸ್ತ್ರ ಸುತ್ತಬೇಕು, ಅರಿಶಿನದ ಭಂಡಾರ ಹಚ್ಚಬೇಕು. ಗ್ಯಾಸ್ ಉಳಿಸುವ ಭರದಲ್ಲಿ ಆ ಪುಣ್ಯಾತ್ಮ ಇದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ.

ಕಡ ತಂದಿದ್ದ ರಾಗಿಹಿಟ್ಟು ವಾಪಸು ಕೊಡಲು ಪಕ್ಕದ ಮನೆಯ ಲಕ್ಕಮ್ಮಜ್ಜಿ ಬಾಗಿಲು ದೂಡಿಕೊಂಡು ಒಳಗೆ ಬಂದಳು. ಮೂಲೆ ನೋಡಿದಳು. ಕೈಯಲ್ಲಿದ್ದ ಬಟ್ಟಲನ್ನು ಅಲ್ಲೇ ಕೆಳಗಿಟ್ಟು ಕೈ ಮುಗಿದಳು. ಅಷ್ಟರಲ್ಲಿ ಕಂಬಳಿಯ ಒಳಗಿನಿಂದ "ಗುಳುಕ್" ಎಂದಿತು. ಅಜ್ಜಿ ಹೆದರುತ್ತ ಹೆದರುತ್ತ ಬೆರಳ ತುದಿಯಿಂದ ಮುಟ್ಟಿದಳು.

"ಬೆಚ್ಚಗೈತೆ!" ಎಂದು ಬೀದಿಗೆ ಬಂದು ಕೂಗಿದಳು. "ಬರ್ರೋ! ಚಿಕ್ಕರಾಜನ ಮನೇಲಿ ದೇವ್ರು ಕೂತೈತೆ! ಮೈ ಬೆಚ್ಚಗೈತೆ, ಮಾತಾಡ್ತೈತೆ!"

ಲಾರಿ ಕಳಿಸಿ ಚಿಕ್ಕರಾಜು ಮನೆಗೆ ಬರುವಷ್ಟರಲ್ಲಿ ಬಾಗಿಲ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಯಾರೋ ಹೊಸ್ತಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಿದ್ದರು. ಒಳಗೆ ಕಾಲು ಸಾರಿನ ಮುಂದೆ ದೀಪ ಉರಿಯುತ್ತಿತ್ತು. ಕಾಯಿ, ಬಾಳೆಹಣ್ಣು, ಊದುಬತ್ತಿ, ಎಣ್ಣೆಯ ಬಾಟಲಿಗಳು ಬಂದು ಬೀಳುತ್ತಿದ್ದವು. ಅವನು ಹೌಹಾರಿ ಬಾಯಿ ತೆರೆದ. ಅಷ್ಟರಲ್ಲಿ ಲಕ್ಕಮ್ಮಜ್ಜಿ ಅವನ ಕೈ ಹಿಡಿದುಕೊಂಡು ಕಣ್ಣೀರು ಹಾಕಿದಳು.

"ನಿನ್ನ ಜಿಪುಣ ಅಂತ ಬೈದ ಈ ಬಾಯಿಗೆ ಹುಳ ಬೀಳ್ಲಿ ಕಣಪ್ಪ. ಯಾರ್ಗೂ ಹೇಳ್ದೆ ಕೇಳ್ದೆ, ಒಬ್ನೇ ಖರ್ಚು ಹಾಕ್ಕೊಂಡು ದೇವ್ರನ್ನ ಕರ್ಕೊಂಬಂದಿದ್ದೀಯಲ್ಲೋ! ಎಂಥಾ ದೊಡ್ಡ ಮನ್ಸು ನಿಂದು!"

ಐವತ್ತೈದು ವರ್ಷದಲ್ಲಿ ಚಿಕ್ಕರಾಜುವನ್ನು ದೊಡ್ಡ ಮನಸ್ಸಿನವನು ಎಂದವರು ಯಾರೂ ಇರಲಿಲ್ಲ. ಮರ್ಯಾದೆ, ಅದೂ ಪುಕ್ಕಟೆ ಸಿಗುತ್ತಿರುವಾಗ ಬೇಡವೆನ್ನುವುದು ಅವನ ಸಿದ್ಧಾಂತಕ್ಕೇ ವಿರುದ್ಧ. ಎಣ್ಣೆ ಬಾಟಲಿಗಳ ಕಡೆ ಒಂದು ಸಲ ನೋಡಿದ. ತೆರೆದ ಬಾಯಿಯನ್ನು ಮುಚ್ಚಿ, "ಎಲ್ಲಾ ಅವನಿಚ್ಛೆ ಬುಡಜ್ಜಿ" ಎಂದು ಕೈ ಮುಗಿದ. ಮನುಷ್ಯ ಕೆಡುವುದು ಇಂಥ ಸಣ್ಣ ಮಾತುಗಳಿಂದಲೇ.

ಪಂಚಾಯ್ತಿ ಮೆಂಬರ್ ಅರುಣ್ ಕುಮಾರ್ ಬೈಕಿನಲ್ಲಿ ಬಂದಿಳಿದ. ಕಪ್ಪು ಕನ್ನಡಕ ತೆಗೆದು ಪಾತ್ರೆಗೆ ಕೈ ಮುಗಿದು, ಮತ್ತೆ ಹಾಕಿಕೊಂಡು ಪಾತ್ರೆಯ ಜೊತೆ ಸೆಲ್ಫಿ ತೆಗೆದುಕೊಂಡ. "ಈ ಬೀದಿಗೊಂದು ಹೈಮಾಸ್ಟ್ ಲೈಟ್ ಹಾಕಿಸ್ತೀನಿ. ಬಾಗಿಲಿಗೊಂದು ಆರ್ಚ್ ಆಗ್ಬೇಕು. ಚಿಕ್ಕರಾಜಣ್ಣ, ಈ ಗೋಡೆ ಒಡೆದುಬಿಟ್ರೆ ಭಕ್ತರು ಬಂದು ಹೋಗಾಕೆ ಸಲೀಸು" ಎಂದ.

ಗೋಡೆ ಒಡೆಯುವ ಮಾತು ಬಂದಾಗ ಚಿಕ್ಕರಾಜುವಿಗೆ ಸಣ್ಣಗೆ ಬೆವರಿತು. ಆದರೆ ಆಗಲೇ ಬಾಗಿಲಲ್ಲಿ ಮಹಾಲಕ್ಷ್ಮಮ್ಮನೂ ದಾಸಣ್ಣನೂ ನಿಂತಿದ್ದರು. ಹೆಗಲ ಮೇಲೆ ಕಂಬಳಿ, ತಲೆಗೆ ಪೇಟ, ಎರಡು ಬಸ್ಸು ಬದಲಾಯಿಸಿ ಹಸಿದ ಮುಖ. ದಾಸಣ್ಣ ಮೂಲೆಯನ್ನು ನೋಡಿದವನೇ ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು ಬಂದ. ಕಾಯಿ ನೋಡಿದ, ವಸ್ತ್ರ ನೋಡಿದ, ಭಂಡಾರ ನೋಡಿದ. ಪೂಜಾರಿಯ ಕಣ್ಣಿಗೆ ಎಲ್ಲವೂ ಸರಿಯಿತ್ತು.

"ಯಾರು ಗದ್ದುಗೆ ಹಾಕಿದ್ದು?" ಎಂದ.

"ನಿಮ್ ಬಾವ! ಇನ್ಯಾರು?" ಎಂದಳು ಲಕ್ಕಮ್ಮಜ್ಜಿ.

"ಬಾವಾ, ನಿನ್ನ ನಾನು ತಪ್ಪು ತಿಳ್ಕೊಂಬುಟ್ಟಿದ್ದೆ. ಮೂರು ವರ್ಷ ತಪ್ಪು ತಿಳ್ಕೊಂಡಿದ್ದೆ ಬಾವಾ" ಎಂದವನೇ ದಾಸಣ್ಣ ಕಾಲು ಸಾರಿನ ಮುಂದೆ ಉದ್ದಕ್ಕೂ ಅಡ್ಡಬಿದ್ದ.

ಮಹಾಲಕ್ಷ್ಮಮ್ಮ ಗಂಡನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಏನ್ರೀ ಇದು? ನನ್ ತಮ್ಮ ಕುರಿ ಕಾಲಿಗೆ ಅಡ್ಡಬಿದ್ದವ್ನಲ್ರೀ!"

"ಹೆಂಗೋ ಆಗೋಯ್ತು ಕಣೇ."

"ಈಗ್ಲೇ ಹೋಗಿ ಹೇಳಿ."

"ಈಗ ಹೇಳಿದ್ರೆ ಬಾಯಲ್ಲಿ ಹಲ್ಲು ಉಳಿಯಾಕಿಲ್ಲ. ಜನ ಚದುರಲಿ ಇರು. ಆಮ್ಯಾಕೆ ಸದ್ದಿಲ್ದಂಗೆ ಬಿಚ್ಚಿ ಅವನಿಗೆ ಬಡಿಸಾಣ."

ನಡುಮನೆಯಿಂದ ದಾಸಣ್ಣನ ಗಂಭೀರವಾದ ಧ್ವನಿ ಕೇಳಿಸಿತು. "ಎಲ್ರೂ ಕೇಳ್ಕಳಿ. ದೇವ್ರು ಕೂತ ಮನೇಲಿ ದೇವ್ರು ಏಳಾಗಂಟ ನಾನು ಬಾಯಿಗೆ ನೀರೂ ಹಾಕಾಕಿಲ್ಲ."

"ಯಾವಾಗ ಏಳ್ತದೆ ದಾಸಣ್ಣ?" ಎಂದು ಚಿಕ್ಕರಾಜು ಅಡುಗೆಮನೆಯಿಂದಲೇ ತಲೆ ಹೊರಗೆ ಹಾಕಿ ಕೇಳಿದ.

"ಅದ್ರ ಇಷ್ಟ ಬಾವಾ. ನಮ್ಮೂರಾಗೆ ಒಂದ್ಸಾರಿ ಮೂರು ದಿನ ಎದ್ದಿರ್ಲಿಲ್ಲ. ನಾನು ಸಂಜೆ ಬಸ್ಸಿಗೆ ಹೋಗ್ತೀನಿ, ಕುರಿ ಅದಾವೆ. ಊಟ ಇನ್ನೊಂದು ಸಾರಿ ಆಗ್ಲಿ ಬುಡು."

ಮಹಾಲಕ್ಷ್ಮಮ್ಮ ಸೀದಾ ಹೋಗಿ ಬಾಗಿಲ ಹಿಂದಿನ ಬ್ಯಾಗನ್ನು ತಂದು ನಡುಮನೆಯಲ್ಲಿ ಇಟ್ಟು, ಪಕ್ಕದಲ್ಲಿ ಕೂತುಕೊಂಡಳು. ಅವಳ ಕಣ್ಣು ತುಂಬಿತ್ತು. ಮೂರು ವರ್ಷ ಕಾದು ಕರೆತಂದ ತಮ್ಮ ಸಾರಿನಿಂದ ಒಂದು ಮಾರು ದೂರದಲ್ಲಿ ಹಸಿದು ಕೂತಿದ್ದ. ಬಡಿಸಬೇಕಾದ ಸಾರೇ ಮೇಲೆ ಕೂತು ಪೂಜೆ ಮಾಡಿಸಿಕೊಳ್ಳುತ್ತಿತ್ತು.

ಇಷ್ಟರಲ್ಲಿ ರಾಗಿಹಿಟ್ಟಿನ ಮೆತ್ತೆ ಒಣಗಿ ಬಿರುಕು ಬಿಟ್ಟಿತು. ಊದುಬತ್ತಿಯ ಹೊಗೆಯನ್ನು ಸೀಳಿಕೊಂಡು ಚಕ್ಕೆ, ಲವಂಗ, ಮೆಣಸು, ಕೊತ್ತಂಬರಿಯ ಘಮ ಮನೆಯೆಲ್ಲ ತುಂಬಿತು. ಜನ ಹಾಡುತ್ತಿದ್ದ ಭಜನೆ ನಿಂತಿತು. ಮೂಗುಗಳೆಲ್ಲ ಒಟ್ಟಿಗೆ ಮೇಲೆದ್ದವು. ಕಣ್ಣು ಮುಚ್ಚಿ ಕೂತಿದ್ದ ದಾಸಣ್ಣನ ಗಂಟಲ ಗಂಟು ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು.

"ದೇವ್ರ ಮೈಯಿಂದ ಬಾಡಿನ ವಾಸ್ನೆ ಬತ್ತೈತೆ" ಎಂದಳು ಲಕ್ಕಮ್ಮಜ್ಜಿ, ಪಿಸುದನಿಯಲ್ಲಿ.

"ಇದ್ರಲ್ಲಿ ತಿಳ್ಕಳಾದೇನೈತೆ?" ಎಂದ ಮೆಂಬರ್ ಅರುಣ್ ಕುಮಾರ್. "ದೇವ್ರು ಬಾಡೂಟ ಕೇಳ್ತೈತೆ! ಬೀದಿ ಜನಕ್ಕೆಲ್ಲ ಊಟ ಹಾಕಿದ್ರೇ ಏಳಾದು. ಚಿಕ್ಕರಾಜಣ್ಣ, ಎಷ್ಟು ಮರಿ ಹೇಳಾಣ?"

ಜನ ಹೋ ಎಂದರು. ಚಿಕ್ಕರಾಜುವಿಗೆ ಅತ್ತ ದರಿ, ಇತ್ತ ಪುಲಿ. ಸುಮ್ಮನಿದ್ದರೆ ಮರಿಗಳು ಬೀಳುತ್ತವೆ, ಗೋಡೆಯೂ ಬೀಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಬ್ಯಾಗಿನ ಪಕ್ಕದಲ್ಲಿ ಕೂತಿರುವ ಹೆಂಡತಿ ಸಂಜೆ ಬಸ್ಸಿಗೆ ಹೋಗುತ್ತಾಳೆ. ಅವಳ ಮುಖ ನೋಡಿದ. ನೋಡಿದ್ದೇ ತಡ, ಅವನಿಗೇ ಗೊತ್ತಿಲ್ಲದಂತೆ ಬಾಯಿ ಬಿಟ್ಟುಕೊಂಡಿತು.

"ಅದು ದೇವ್ರಲ್ಲ ಕಣ್ರಪ್ಪೋ! ಕಾಲು ಸಾರು! ಗ್ಯಾಸ್ ಉಳೀಲಿ ಅಂತ ಕಂಬಳಿ ಸುತ್ತಿಟ್ಟಿದ್ದೆ!"

ಹೊಡೆಯುತ್ತಾರೆಂದು ಚಿಕ್ಕರಾಜು ತಲೆಯ ಮೇಲೆ ಕೈ ಇಟ್ಟುಕೊಂಡ. ಯಾರೂ ಹೊಡೆಯಲಿಲ್ಲ. ಬದಲಿಗೆ ಎಲ್ಲರೂ ಅವನನ್ನು ಕನಿಕರದಿಂದ ನೋಡಿದರು.

"ನೋಡಿದ್ರಾ" ಎಂದಳು ಲಕ್ಕಮ್ಮಜ್ಜಿ. "ಊಟ ಹಾಕ್ಬೇಕು ಅಂದ ತಕ್ಷಣ ದೇವ್ರನ್ನೇ ಕಾಲು ಸಾರು ಅಂತಾವ್ನೆ! ಹುಟ್ಟುಗುಣ ಸುಟ್ರೂ ಹೋಗಾಕಿಲ್ಲ."

"ಆಣೆಗೂ ಸಾರು ಕಣಜ್ಜಿ!"

"ಆಣೆ ಹಾಕಾಕೆ ದುಡ್ಡು ಕೊಡ್ಬೇಕಾ? ನೂರು ಹಾಕ್ತೀಯ!"

"ಬಿಚ್ಚಿ ತೋರಿಸ್ತೀನಿ, ಇರ್ರಿ" ಎಂದು ಮುಂದೆ ಹೋದವನನ್ನು ನಾಲ್ಕು ಜನ ಸೊಂಟ ಹಿಡಿದು ಹಿಂದಕ್ಕೆ ಎಳೆದರು. ಏಳದ ದೇವರನ್ನು ಮುಟ್ಟಿದರೆ ಊರಿಗೇ ಕೇಡು.

ಹೆಂಡತಿಯ ಸಾಕ್ಷಿ ನಡೆಯುವುದಿಲ್ಲವೆಂದು ಜನ ಹೇಳಿದ್ದರಿಂದ, ಕೊನೆಗೆ ಚಿಕ್ಕರಾಜು ನಸ್ರುಲ್ಲಾನಿಗೆ ಫೋನ್ ಮಾಡಿಸಿದ. ತನ್ನ ಫೋನಿನಿಂದಲ್ಲ, ಮೆಂಬರ್ ಫೋನಿನಿಂದ. ನಸ್ರುಲ್ಲಾ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಬಂದು, ಜನ ನೋಡಿ, ದೀಪ ನೋಡಿ, ವಿನಯದಿಂದ ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತ.

"ಹೇಳಪ್ಪ ನಸ್ರುಲ್ಲಾ, ಬೆಳಿಗ್ಗೆ ನಾನು ನಿನ್ನ ಹತ್ರ ಕಾಲು ತಂದಿದ್ನೋ ಇಲ್ವೋ?"

"ಕಾಲು ತಗೊಂಡೋಗಿದ್ದು ಖರೆ ಸೆಕ್ರೆಟ್ರಿ ಸಾಬ್" ಎಂದ ನಸ್ರುಲ್ಲಾ. "ರೇಟಿಗೆ ಅರ್ಧ ಗಂಟೆ ಚೌಕಾಸಿ ಮಾಡಿದ್ದೂ ಖರೆ. ಆದ್ರೆ ಅಂಗಡಿ ದಾಟಿದ ಮ್ಯಾಲೆ ಮಾಲು ಏನಾಯ್ತದೆ ಅಂತ ನಮ್ಗೆ ಹೆಂಗೆ ಗೊತ್ತು? ದೇವ್ರು ಆದ್ರೆ ಅದು ನಿಮ್ ಕಿಸ್ಮತ್. ವಾಪಸ್ ಮಾತ್ರ ತಗೊಳ್ಳಾಕಿಲ್ಲ."

ದಾಸಣ್ಣ ಇಷ್ಟು ಹೊತ್ತು ಬಾವನನ್ನೂ ಪಾತ್ರೆಯನ್ನೂ ನೋಡುತ್ತಿದ್ದ. ಹೊಟ್ಟೆ ಒಂದು ಮಾತು ಹೇಳುತ್ತಿತ್ತು, ಪೂಜಾರಿಕೆ ಇನ್ನೊಂದು. ಅವನು ಎದ್ದು ನಿಂತು ಕೈ ಎತ್ತಿದ.

"ಬಾವಾ, ನೀನು ಸುಳ್ಳು ಹೇಳಾದು ಖರ್ಚು ತಪ್ಪಿಸ್ಕಳಾಕೆ ಅಂತ ಈ ಜನ ಅಂತಾರೆ. ಅದೂ ನಿಜವೇ, ನಿನ್ನ ನಾನು ಬಲ್ಲೆ. ಅಂಗಾರೆ ಒಂದು ಕೆಲ್ಸ ಮಾಡು. ದೇವ್ರಾಗ್ಲಿ ಸಾರಾಗ್ಲಿ, ಬೀದಿಗೆಲ್ಲ ಬಾಡೂಟ ಹಾಕ್ತೀನಿ ಅಂತ ಮೊದ್ಲು ಮಾತು ಕೊಡು. ಖರ್ಚು ಹೆಂಗೂ ತಪ್ಪಾಕಿಲ್ಲ ಅಂದ್ಮ್ಯಾಕೆ ನೀನು ಯಾಕೆ ಸುಳ್ಳು ಹೇಳ್ತೀಯ? ಆಗ ನೀನು ಏನಂತೀಯೋ ಅದನ್ನ ನಂಬ್ತೀನಿ."

ಇಂಥ ನ್ಯಾಯವನ್ನು ಮಧುಗಿರಿಯ ಕೋರ್ಟಿನಲ್ಲೂ ಯಾರೂ ಕೇಳಿರಲಾರರು. ಚಿಕ್ಕರಾಜುವಿನ ಕೈ ತನಗೆ ತಾನೇ ಜೇಬನ್ನು ಮುಚ್ಚಿಕೊಂಡಿತು. ಕಣ್ಣ ಮುಂದೆ ಮರಿಗಳು, ಅಕ್ಕಿ ಮೂಟೆಗಳು, ಎಣ್ಣೆ ಡಬ್ಬಗಳು ಸಾಲಾಗಿ ನಡೆದು ಹೋದವು. ಅವುಗಳ ಹಿಂದೆ ಬ್ಯಾಗು ಹಿಡಿದ ಮಹಾಲಕ್ಷ್ಮಮ್ಮನೂ ನಡೆದು ಹೋಗುತ್ತಿದ್ದಳು. ಅವನಿಗೆ ಅಳು ಬಂತು.

"ಭಾನುವಾರ" ಎಂದ. ಆಮೇಲೆ ಮೈಯಿಂದ ಕರುಳು ಕಿತ್ತು ಕೊಡುವವನಂತೆ ಹೇಳಿದ. "ಬರೋ ಭಾನುವಾರ ಬೀದಿಗೆಲ್ಲ ಬಾಡೂಟ. ನನ್ ದುಡ್ಡಲ್ಲಿ. ಈಗ ಹೇಳ್ತೀನಿ, ಅದು ಕಾಲು ಸಾರು."

ಬೀದಿಯ ಜನ ಮುಖ ಮುಖ ನೋಡಿಕೊಂಡರು. ಚಿಕ್ಕರಾಜು ದುಡ್ಡು ಖರ್ಚು ಮಾಡಲು ಒಪ್ಪಿದ್ದಾನೆ ಎಂದರೆ ಅವನು ಹೇಳುವುದು ನಿಜವೇ ಇರಬೇಕು. ಒಬ್ಬೊಬ್ಬರೇ ಹಿಂದೆ ಸರಿದು ದಾರಿ ಬಿಟ್ಟರು. ದಾಸಣ್ಣ ಕಾಯಿ ಇಳಿಸಿದ, ಟವೆಲು ಬಿಚ್ಚಿದ, ಕಂಬಳಿ ಸರಿಸಿದ, ಮುಚ್ಚಳ ತೆಗೆದ. ದಪ್ಪಗೆ ಆವಿ ಎದ್ದಿತು. ಅವನು ಸೌಟು ಹಾಕಿ ಒಂದು ಕಾಲನ್ನು ಮೇಲಕ್ಕೆತ್ತಿದ. ಮಾಂಸ ಮೂಳೆ ಬಿಟ್ಟು ಬೆಣ್ಣೆಯ ಹಾಗೆ ಜಾರಿತು.

"ಬೆಂದೈತೆ" ಎಂದ.

ಲಕ್ಕಮ್ಮಜ್ಜಿ ಮಾತ್ರ ಸೋಲಲಿಲ್ಲ. "ದೇವ್ರೇ ಇತ್ತು. ಈ ಪಾಪಿ ಬಾಯಲ್ಲಿ ಸಾರು ಸಾರು ಅಂತ ಅನ್ನಿಸ್ಕೊಂಡು ಸಾರಾಗೋಯ್ತು" ಎಂದು ತನ್ನ ಕಾಯಿ, ಎಣ್ಣೆ ಬಾಟಲಿ ಎತ್ತಿಕೊಂಡು ಹೊರಟಳು. ಉಳಿದವರೂ ತಮ್ಮ ತಮ್ಮದನ್ನು ನೋಡಿ ನೋಡಿ ಎತ್ತಿಕೊಂಡರು. ಅರುಣ್ ಕುಮಾರ್ ಸೆಲ್ಫಿ ಅಳಿಸುತ್ತ ಬೈಕು ಹತ್ತಿದ.

ಇದೆಲ್ಲ ಮುಗಿದ ಮೇಲೆ ಚಿಕ್ಕರಾಜು ಅಂಜುತ್ತ ಕೇಳಿದ. "ದಾಸಣ್ಣ, ನೀನು ಅಡ್ಡಬಿದ್ದಿದ್ದು... ಬೇಜಾರಾಯ್ತಾ?"

"ಕುರಿ ಕಾಲಿಗೆ ತಾನೆ ಬಾವಾ?" ಎಂದ ದಾಸಣ್ಣ, ಎಲೆಯ ಮುಂದೆ ಕೂರುತ್ತ. "ನಮ್ಮ ಹೊಟ್ಟೆ ನಡೀತಿರಾದೇ ಅವುಗಳ ಕಾಲಿಂದ. ದಿನಾ ಬಿದ್ರೂ ತಪ್ಪಿಲ್ಲ. ಅಕ್ಕಾ, ಮುದ್ದೆ ಹಾಕು."

ದಾಸಣ್ಣ ಉಂಡ. ಹಗಲು ಹೊತ್ತಿನಲ್ಲೂ ಮಹಾಲಕ್ಷ್ಮಮ್ಮ ಲೈಟ್ ಹಾಕಿ, ಫ್ಯಾನ್ ಹಾಕಿ ಬಡಿಸಿದಳು. ಮುದ್ದೆಯ ಮೇಲೆ ಮುದ್ದೆ ಇಳಿಯಿತು. ಮೂಳೆ ಚೀಪುವ ಸದ್ದು ಬೀದಿಯವರೆಗೆ ಕೇಳಿಸಿತು. ಅವಳು ತಮ್ಮನ ಬೆನ್ನ ಹಿಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡು, ಕೇಳದಿದ್ದರೂ ಮತ್ತೊಂದು ಸೌಟು ಹಾಕಿದಳು. ಚಿಕ್ಕರಾಜು ಸ್ವಿಚ್ಚಿನ ಕಡೆ ನೋಡಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದ, ಆದರೆ ಏಳಲಿಲ್ಲ.

ಸಂಜೆ ದಾಸಣ್ಣ ಪೇಟ ಸುತ್ತಿಕೊಂಡು ಎದ್ದ. ನಡುಮನೆಯಲ್ಲಿ ಬ್ಯಾಗು ಇನ್ನೂ ಹಾಗೇ ಇತ್ತು.

"ಅಕ್ಕಾ, ಹೆಂಗೂ ಬ್ಯಾಗ್ ಕಟ್ಟಿದ್ದೀಯ. ಬಾ, ನಾಲ್ಕು ದಿನ ತವರಲ್ಲಿ ಇದ್ದು ಸೋಮವಾರ ಬರುವಂತೆ."

ಚಿಕ್ಕರಾಜುವಿನ ಮುಖ ಇದ್ದಕ್ಕಿದ್ದಂತೆ ಅರಳಿತು. ಸೋಮವಾರವೆಂದರೆ ಭಾನುವಾರ ಕಳೆದ ಮೇಲೆ. ಮನೆಯ ಹೆಂಗಸೇ ಊರಲ್ಲಿ ಇಲ್ಲ ಎಂದರೆ ಊಟದ ಮಾತು ಎಲ್ಲಿ ಬಂತು? "ಹೋಗ್ಬಾರೇ, ಪಾಪ, ತವರಲ್ಲಿ ಉಳ್ಕೊಂಡು ಎಷ್ಟು ದಿನ ಆಯ್ತು! ನಾಲ್ಕು ದಿನ ಯಾಕೆ, ಒಂದು ವಾರ ಇದ್ದು ಬಾ. ನಾನು ಹೆಂಗೋ ನಿಭಾಯಿಸ್ಕೊಂತೀನಿ" ಎಂದು ತಾನೇ ಬ್ಯಾಗು ಎತ್ತಿಕೊಂಡ.

ಮಹಾಲಕ್ಷ್ಮಮ್ಮ ಅವನ ಅರಳಿದ ಮುಖವನ್ನು ನೋಡಿದಳು. ಆಮೇಲೆ ಅವನ ಕೈಯಿಂದ ಬ್ಯಾಗು ಕಿತ್ತುಕೊಂಡು, ಸೀರೆಗಳನ್ನು ಒಂದೊಂದಾಗಿ ತೆಗೆದು ಬೀರುವಿಗೆ ಜೋಡಿಸತೊಡಗಿದಳು.

"ನೀನು ಹೋಗಪ್ಪ ದಾಸ, ಹುಷಾರಾಗಿ ಹೋಗು. ಭಾನುವಾರ ಹೆಂಡ್ತಿ ಮಕ್ಳನ್ನೆಲ್ಲ ಕರ್ಕೊಂಡು ಬಾ" ಎಂದಳು. "ನಾನು ಮಾತ್ರ ಎಲ್ಲಿಗೂ ಬರಾಕಿಲ್ಲ. ಈ ಮನುಷ್ಯ ಒಂದ್ಸಲನಾದ್ರೂ ಜೇಬಿಗೆ ಕೈ ಹಾಕಾದನ್ನ ನೋಡ್ಬೇಕು ಅಂತ ಇಪ್ಪತ್ತಾರು ವರ್ಷ ಕಾದಿದ್ದೀನಿ. ಅದನ್ನ ಬುಟ್ಟು ಎಲ್ಲಿಗೆ ಹೋಗ್ಲಿ?"